ಕೆಂಪು ನೂಲಿನ ಕಾಯಿ

ದೇರ್ ಲೌಜ್,
9 ಫೆಬ್ರವರಿ 1987

ಖಿತಾಮ್ ಅಕ್ಕನಿಗೆ ತಮ್ಮ ನವ್ವಾಫ್ ಮಾಡುವ ಸಲಾಮ್.

ನನ್ನ ಅಕ್ಷರ ಗುರುತು ಹಿಡಿದು ಕಾಗದ ಹರಿದುಹಾಕದಿದ್ದರೆ ಮುಂದಕ್ಕೆ ಓದು. ಝರ್ಕಾ ಬಸ್ಸಿನ ಡ್ರೈವರ್ ಸುವೈಲಿಮ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೆ ನಿನ್ನ ಮನೆ ಗೊತ್ತಂತೆ. ಸೇನೆಗೆ ಬರೆದ ಅರ್ಜಿಗಳನ್ನು ಬಿಟ್ಟರೆ ಇಷ್ಟು ವರ್ಷದಲ್ಲಿ ನಾನು ಯಾರಿಗೂ ಏನೂ ಬರೆದವನಲ್ಲ. ಆದ್ದರಿಂದ ಇದೂ ಅರ್ಜಿಯ ಹಾಗೆ ಕಂಡರೆ ಬೈಯಬೇಡ.

ಅಮ್ಮನಿಗೆ ಎಂಬತ್ತನಾಲ್ಕು ತುಂಬಿತು. ಕಣ್ಣು ಅರ್ಧ ಹೋಗಿದೆ, ಮೊಣಕಾಲು ಪೂರ್ತಿ ಹೋಗಿದೆ. ನಾಲಿಗೆ ಮಾತ್ರ ನೀನು ಬಿಟ್ಟುಹೋದಾಗ ಹೇಗಿತ್ತೋ ಹಾಗೇ ಇದೆ. ಮೂರು ವರ್ಷದಿಂದ ಹಿತ್ತಿಲಿನ ಕೆಲಸ ನನ್ನ ತಲೆಗೆ ಬಂದಿದೆ. ಅಮ್ಮ ನನ್ನ ಹೆಂಡತಿಯನ್ನು ಎಂದೂ ಅಲ್ಲಿಗೆ ಬಿಟ್ಟುಕೊಂಡವಳಲ್ಲ, ನಿನಗೆ ಗೊತ್ತು. ಈಗ ಅವಳನ್ನು ಕರೆದರೆ, "ಮೂವತ್ತು ವರ್ಷ ಬೇಡವಾದವಳು ಈಗ ಯಾಕೆ ಬೇಕಾದೆ?" ಅನ್ನುತ್ತಾಳೆ. ಹಾಗಾಗಿ ಅಮ್ಮ ಹೊಸಿಲ ಮೇಲೆ ಕೂತು ಹುಕುಂ ಮಾಡುತ್ತಾಳೆ, ನಾನು ಗುದ್ದಲಿ ಹಿಡಿಯುತ್ತೇನೆ. ನಿವೃತ್ತಿಯಾದ ಮೇಲೆ ಮೇಲಧಿಕಾರಿ ಇರುವುದಿಲ್ಲ ಅಂದುಕೊಂಡಿದ್ದೆ.

ಬರೆದ ಕಾರಣಕ್ಕೆ ಬರುತ್ತೇನೆ. ಹೋದ ಬೇಸಿಗೆಯಲ್ಲಿ ನಮ್ಮ ಫಕ್ಕೂಸ್ ಸೌತೆ ಕೆಟ್ಟಿತು. ಉದ್ದಕ್ಕೆ, ತೆಳುಹಸಿರಾಗಿ, ಬಾಗಿಕೊಂಡು ಬೆಳೆಯಬೇಕಾದ ಕಾಯಿ ಮುಷ್ಟಿಯಷ್ಟಕ್ಕೇ ದಪ್ಪವಾಗಿ ನಿಂತಿತು. ಸಿಪ್ಪೆ ಒರಟು, ತಿರುಳು ಮೆತ್ತಗೆ. ಅಮ್ಮ ಬೆಳಗಿನ ರೊಟ್ಟಿಯ ಜೊತೆ ಉಪ್ಪು ಹಚ್ಚಿಕೊಂಡು ಕಚ್ಚಿದಳು, ಉಗಿದಳು. "ಇದು ನಮ್ಮನೇದಲ್ಲ. ಯಾರ ಮನೇಲಿ ಇಟ್ಟಿದ್ದೀಯ ನನ್ನ?" ಅಂದಳು. ಅಂದಿನಿಂದ ಆಗಾಗ ಹಾಗೇ ಕೇಳುತ್ತಾಳೆ. ಬೆಳಗ್ಗೆ ಎದ್ದು ಬಟ್ಟೆ ಗಂಟು ಕಟ್ಟಿಕೊಂಡು, "ನನ್ನ ಮನೆಗೆ ಬಿಡು" ಅನ್ನುತ್ತಾಳೆ. ನಾವು ಮಕ್ಕಳೆಲ್ಲ ಹುಟ್ಟಿದ ಕೋಣೆಯಲ್ಲಿ ಕೂತೇ ಹೀಗನ್ನುತ್ತಾಳೆ.

ಹವಾಮಾನ ಸರಿಯಿರಲಿಲ್ಲ. ಬೀಜ ಹಾಳಾಯಿತು. ಅಜ್ಜಿ ತನ್ನ ಮದುವೆಗೆ ತಂದ ಬೀಜ ಅದು, ಮತ್ತೆಲ್ಲೂ ಇಲ್ಲ. ನಿನ್ನ ಮದುವೆಯಲ್ಲಿ ಅಮ್ಮ ಒಂದು ಗಂಟು ನಿನಗೆ ಕಟ್ಟಿಕೊಟ್ಟಿದ್ದಳು. ಅದು ಇನ್ನೂ ಇದ್ದರೆ ಒಂದು ಹಿಡಿ ಕಳಿಸು. ಬಿತ್ತುವ ಹೊತ್ತಿಗೆ ಐದಾರು ವಾರ ಇದೆ.

ನಿನ್ನ ತಮ್ಮ,
ನವ್ವಾಫ್

---

ಝರ್ಕಾ,
26 ಫೆಬ್ರವರಿ 1987

ನವ್ವಾಫ್,

ಕಾಗದ ಬಂದು ಎರಡು ವಾರವಾಯಿತು. ಮೊದಲ ದಿನ ಓದಿ ಮಡಚಿಟ್ಟೆ. ಎರಡನೇ ದಿನ ಓದಿ ಬೈದೆ. ಆಮೇಲೆ ದಿನಾ ಓದುತ್ತಿದ್ದೇನೆ. ಅಮ್ಮ ಗಂಟು ಕಟ್ಟಿಕೊಂಡು ಕೂರುವ ಸಾಲು ಬಂದಾಗಲೆಲ್ಲ ನಿಲ್ಲಿಸಿಬಿಡುತ್ತೇನೆ.

ಮೊದಲು ನಿನ್ನ ಹವಾಮಾನದ ವಿಷಯ. ಅಪ್ಪನ ಕಾಲದಲ್ಲಿ ಎರಡು ವರ್ಷ ಮಳೆಯೇ ಬರಲಿಲ್ಲ. ಆಗಲೂ ಕಾಯಿ ಸಣ್ಣದಾಯಿತೇ ಹೊರತು ಜಾತಿ ಬಿಡಲಿಲ್ಲ. ಮುಷ್ಟಿಯಷ್ಟಕ್ಕೆ ದಪ್ಪ, ಒರಟು ಸಿಪ್ಪೆ, ಮೆತ್ತನೆ ತಿರುಳು ಅಂತ ನೀನೇ ಬರೆದಿದ್ದೀಯ. ಅದಕ್ಕೆ ಹಿಂದಿನ ವರ್ಷ ಫಕ್ಕೂಸ್ ಪಕ್ಕದಲ್ಲಿ ಖರ್ಬೂಜ ಹಾಕಿದ್ದೆಯಾ? ನಿಜ ಹೇಳು. ಚಿಕ್ಕವನಿದ್ದಾಗಲೂ ಖರ್ಬೂಜಕ್ಕಾಗಿ ಪಕ್ಕದ ಮನೆಯ ಗೋಡೆ ಹಾರಿದವನು ನೀನು. ಎರಡೂ ಒಂದೇ ಕುಲದ ಬಳ್ಳಿ. ಹತ್ತಿರ ಹಾಕಿದರೆ ಆ ವರ್ಷ ಏನೂ ಕಾಣುವುದಿಲ್ಲ. ಅದರ ಬೀಜ ಹಾಕಿದಾಗ ಮರುವರ್ಷ ಬಣ್ಣ ಬಯಲಾಗುತ್ತದೆ. ಅಮ್ಮ ಜೀವಮಾನದಲ್ಲಿ ಒಂದು ಖರ್ಬೂಜ ಬೆಳೆಯಲಿಲ್ಲ ಯಾಕೆ ಅಂತ ಯಾವತ್ತಾದರೂ ಯೋಚಿಸಿದ್ದೀಯಾ? ಜೇನುನೊಣ ದಾಖಲೆ ನೋಡಿ, ಇದು ನನ್ನ ಗಡಿ, ಅದು ನಿನ್ನ ಗಡಿ ಅಂತ ಹಾರುವುದಿಲ್ಲ. ಅದೆಲ್ಲ ನಿನ್ನಂಥವರ ಕೆಲಸ.

ಬೀಜ ಇದೆ. ಪ್ರತಿ ವರ್ಷ ಬೆಳೆದಿದ್ದೇನೆ. ಇಲ್ಲಿ ನನಗಿರುವುದು ಮಾಳಿಗೆಯ ಮೇಲೆ ಎಣ್ಣೆಯ ಹನ್ನೆರಡು ತಗಡಿನ ಡಬ್ಬ. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು. ಅಕ್ಕಿ ತೊಳೆದದ್ದು, ಸೊಪ್ಪು ತೊಳೆದದ್ದು ಎಲ್ಲ ಮೆಟ್ಟಿಲು ಹತ್ತಿಸಿ ಹಾಕುತ್ತೇನೆ. ವರ್ಷಕ್ಕೆ ಐದೋ ಆರೋ ಕಾಯಿ. ಮೊದಲ ಚೆಂದದ ಕಾಯಿಗೆ ಅಮ್ಮನ ಹಾಗೇ ಕೆಂಪು ನೂಲು ಕಟ್ಟಿ ಬೀಜಕ್ಕೆ ಬಿಡುತ್ತೇನೆ. ಮಿಕ್ಕ ನಾಲ್ಕೈದು ತಿನ್ನುವಾಗ ಬಾಯಿ ತೃಪ್ತಿಪಡುತ್ತದೆ, ಮೊಣಕಾಲು ಶಾಪ ಹಾಕುತ್ತದೆ.

ಈಗ ನಾನು ಕೇಳುತ್ತೇನೆ. ನಿನಗೆ ಬೇಕಾಗಿರುವುದು ಬೀಜವೋ ಸಹಿಯೋ?

ಅಪ್ಪ ತೀರಿಕೊಂಡ ನಲವತ್ತನೇ ದಿನ ನೆನಪಿದೆಯಾ? ಕಾಫಿ ಲೋಟಗಳು ಇನ್ನೂ ನಡುಮನೆಯಲ್ಲೇ ಇದ್ದವು. ಗುಮಾಸ್ತ ಕಾಗದ, ಮಸಿಯ ಡಬ್ಬಿ ತಂದು ಚಾಪೆಯ ಮೇಲಿಟ್ಟ. ಹೆಣ್ಣುಮಕ್ಕಳು ತಮ್ಮ ಪಾಲು ಸಂತೋಷದಿಂದ ತಮ್ಮನಿಗೆ ಬಿಟ್ಟುಕೊಟ್ಟಿದ್ದೇವೆ ಅಂತ ಬರೆದಿತ್ತು. ದೊಡ್ಡಕ್ಕಂದಿರಿಬ್ಬರೂ ಹೆಬ್ಬೆಟ್ಟು ಒತ್ತಿ ಸೆರಗಿಗೆ ಒರೆಸಿಕೊಂಡರು. ನಾನು ಓದಲು ಬಲ್ಲವಳು, ಅದೇ ತಪ್ಪಾಯಿತು. "ಸಂತೋಷದಿಂದ ಅಂತ ಬರೆದಿದೆಯಲ್ಲ, ನನಗೆ ಸಂತೋಷ ಇಲ್ಲ" ಅಂದೆ. ಧರ್ಮದ ಪ್ರಕಾರ ನಿನಗೆ ಎರಡು ಪಾಲು, ನನಗೆ ಒಂದು. ಆ ಒಂದನ್ನೇ ಕೇಳಿದ್ದು. ನೀನು, "ಇದು ನಿನ್ ಗಂಡ ಹೇಳ್ಕೊಟ್ಟ ಪಾಠ. ನಮ್ಮಪ್ಪನ ಮಣ್ಣು ಪರರ ಪಾಲಾಗ್ಬೇಕಾ?" ಅಂದೆ. ಅಮ್ಮ ನನ್ನ ಚಪ್ಪಲಿ ಎತ್ತಿ ಹೊಸಿಲಾಚೆ ಇಟ್ಟಳು. ಅಷ್ಟೇ. ಹತ್ತು ವರ್ಷದಿಂದ ಆ ಚಪ್ಪಲಿಯೇ ಕಣ್ಣಮುಂದೆ ಇದೆ.

ನಾನು ಕೋರ್ಟಿಗೆ ಹೋಗಲಿಲ್ಲ. ಹೋಗಿದ್ದರೆ ಗೆಲ್ಲುತ್ತಿದ್ದೆ.

ಪರರು ಅಂದೆಯಲ್ಲ, ನನ್ನ ಗಂಡ ಮಿಥ್‌ಕಾಲ್, ಅವನು ತೀರಿಕೊಂಡು ಮೂರು ವರ್ಷ. ಸಂತಾಪಕ್ಕೆ ಬರುವವರಿಗೆ ಮೂರು ದಿನ ಮನೆಯ ಮುಂದೆ ಡೇರೆ ಹಾಕಿದ್ದೆವು. ಊರಿಂದ ಒಂದು ಬಸ್ಸು ಜನ ಬಂದರು. ನೀನು ಬರಲಿಲ್ಲ.

ಖಿತಾಮ್

---

ದೇರ್ ಲೌಜ್,
8 ಮಾರ್ಚ್ 1987

ಅಕ್ಕ,

ಖರ್ಬೂಜ ಹಾಕಿದ್ದೆ. ಹತ್ತು ಹೆಜ್ಜೆ ದೂರದಲ್ಲಿ. ತುಂಬ ಸಿಹಿ ಇತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹಳೆಯ ಬೀಜ ಒಂದು ಗಾಜಿನ ಜಾಡಿಯಲ್ಲಿತ್ತು. ಹೊಸ ಬೀಜ ತುಂಬಲು ಜಾಡಿ ಬೇಕಿತ್ತು, ಹಳೆಯದನ್ನು ಕೋಳಿಗಳ ಮುಂದೆ ಸುರಿದೆ. ಕೆಂಪು ನೂಲು ಕಟ್ಟಿದ ಕಾಯಿಯ ಬೀಜವನ್ನೇ ತುಂಬಿದೆ, ಜಾಡಿಯ ಮೇಲೆ ತಾರೀಖು ಬರೆದು ಅಂಟಿಸಿದೆ. ಸೇನೆಯಲ್ಲಿ ಹೊಸ ಸಾಮಾನು ಬಂದಾಗ ಹಳೆಯದನ್ನು ತೆಗೆಯುವುದು ಕ್ರಮ. ಅಮ್ಮನಿಗೆ ಇದು ಗೊತ್ತಿಲ್ಲ. ನೀನೂ ಹೇಳಬೇಡ. ಆ ಕೋಳಿಗಳು ಎದುರಾದರೆ ಈಗಲೂ ಮುಖ ತಿರುಗಿಸುತ್ತೇನೆ.

ಸಹಿಯ ವಿಷಯ. ಸುಳ್ಳು ಹೇಳುವುದಿಲ್ಲ. ಸಾಯೆಲ್‌ಗೆ ಹೆಣ್ಣು ಗೊತ್ತಾಗಿದೆ. ನನ್ನ ಮಗನಿಗೆ ಇಪ್ಪತ್ತಾರು ವರ್ಷವಾಯಿತು ಅಕ್ಕ, ನೀನು ನೋಡಿದಾಗ ಶಾಲೆಗೆ ಹೋಗುತ್ತಿದ್ದ. ತೊಟ್ಟಿಯ ಪಕ್ಕದ ಜಾಗದಲ್ಲಿ ತನಗೊಂದು ಕೋಣೆ, ಅಡುಗೆಮನೆ ಕಟ್ಟಬೇಕು ಅಂತಾನೆ. ಜಾಗ ಇನ್ನೂ ಅಪ್ಪನ ಹೆಸರಲ್ಲೇ ಇದೆ, ನಿನ್ನ ಸಹಿ ಇಲ್ಲದೆ ಪರವಾನಗಿ ಸಿಗದು. ಆ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. "ಅತ್ತೆಗೆ ಒಂದು ಮಾತು ಬರಿ" ಅಂತ ಅವನು ಚಳಿಗಾಲದಿಂದ ಪೀಡಿಸುತ್ತಿದ್ದಾನೆ. ಬರೆಯಲು ಕೂತೆ. ಆದರೆ ಪೆನ್ನು ಹಿಡಿದಾಗ ಬಂದದ್ದು ಫಕ್ಕೂಸ್. ಆ ಕಾಗದದ ಮಾತು ಇನ್ನು ನಾನು ಎತ್ತುವುದಿಲ್ಲ. ಬೀಜ ಅಮ್ಮನಿಗೆ, ಅಷ್ಟೇ.

ಮೊನ್ನೆ ಬೆಳಗ್ಗೆ ಅಮ್ಮ ಮತ್ತೆ ಗಂಟು ಕಟ್ಟಿದಳು. ನಾನು ಸೋತು ಅವಳ ಕೈ ಹಿಡಿದು ಮನೆಗೆ ಒಂದು ಸುತ್ತು ಹಾಕಿಸಿದೆ. ಮುಂಬಾಗಿಲಿಂದ ಹೊರಟು, ಬಾದಾಮಿ ಮರದ ಕೆಳಗೆ ಹಾದು, ಹಿಂಬಾಗಿಲಿಗೆ ಬಂದು, "ಬಂತು ನೋಡು ಯಮ್ಮಾ ನಿನ್ ಮನೆ" ಅಂದೆ. ಒಳಗೆ ಬಂದು ಗೋಡೆ ಮುಟ್ಟಿದಳು. "ಮನೆ ಹೌದು ಕಣೋ. ಊಟದ ರುಚಿ ಮಾತ್ರ ಬೇರೆಯವರದ್ದು" ಅಂದಳು. ನನ್ನ ಹೆಂಡತಿ ಆ ರಾತ್ರಿ ಅಡುಗೆಮನೆಗೆ ಕಾಲಿಡಲಿಲ್ಲ.

ಎರಡು ಸಲ ಉತ್ತಿದ್ದೇನೆ. ತೇವ ಇನ್ನೂ ಕೈಬೆರಳಿನ ಆಳದಲ್ಲಿದೆ. ಬಿಸಿಲು ಹತ್ತಿದರೆ ಅದೂ ಕೆಳಗಿಳಿಯುತ್ತದೆ. ಬೇಗ ಕಳಿಸು.

ಮಿಥ್‌ಕಾಲ್ ತೀರಿಕೊಂಡಾಗ ನಾನು ಬಂದಿದ್ದೆ. ಎರಡನೇ ದಿನ. ನಿನ್ನ ಬೀದಿಯ ತುದಿಯಲ್ಲಿ ಟೈರಿನ ಅಂಗಡಿ ಇದೆಯಲ್ಲ, ಅಲ್ಲಿಯವರೆಗೆ. ಡೇರೆ ಕಾಣುತ್ತಿತ್ತು. ಸ್ವಲ್ಪ ಹೊತ್ತು ನಿಂತು ವಾಪಸು ಬಸ್ಸು ಹತ್ತಿದೆ. ಯಾಕೆ ಅಂತ ಕೇಳಬೇಡ, ನನಗೇ ತಿಳಿಯದು.

ನವ್ವಾಫ್

---

ಝರ್ಕಾ,
16 ಮಾರ್ಚ್ 1987

ನವ್ವಾಫ್,

ಟೈರಿನ ಅಂಗಡಿ! ಅಲ್ಲಿಂದ ನಮ್ಮ ಬಾಗಿಲಿಗೆ ನಲವತ್ತು ಹೆಜ್ಜೆ. ಯುದ್ಧಕ್ಕೆ ಹೋಗಿಬಂದವನು ನೀನು.

ಸುವೈಲಿಮ್ ಕೈಯಲ್ಲಿ ಬೀಜ ಕಳಿಸಿದ್ದೇನೆ. ಮೂವತ್ತೊಂದು ಇವೆ. ನನ್ನಲ್ಲಿ ಏಳು ಉಳಿಸಿಕೊಂಡಿದ್ದೇನೆ. ನಿನ್ನನ್ನು ನಂಬಿ ಎಲ್ಲವನ್ನೂ ಕಳಿಸುವಷ್ಟು ದಡ್ಡಿ ನಾನಲ್ಲ, ನಿನ್ನ ಮನೆಯಲ್ಲಿ ಕೋಳಿಗಳಿವೆ.

ಗಮನವಿಟ್ಟು ಓದು. ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟು. ಎರಡು ದಿನ ಮೈಶಾಖದಲ್ಲಿರಬೇಕು. ಅಮ್ಮ ಎದೆಗೆ ಕಟ್ಟಿಕೊಂಡು ಓಡಾಡುತ್ತಿದ್ದಳಲ್ಲ, ಹಾಗೇ ನೀನೂ ಬನಿಯನ್ ಒಳಗೆ ಕಟ್ಟಿಕೋ. ನಾಚಿಕೆಪಟ್ಟರೆ ಮೊಳಕೆ ಬರುವುದಿಲ್ಲ. ಬಿಳಿ ತುದಿ ಕಂಡ ದಿನವೇ ಬಿತ್ತು. ಮೇಲಿನ ಒಣಮಣ್ಣು ಸರಿಸಿ, ತೇವ ಸಿಕ್ಕುವಲ್ಲಿ ಮೂರು ಮೂರು ಇಟ್ಟು, ಒಣಮಣ್ಣನ್ನೇ ಮುಚ್ಚು. ನೀರು ಹಾಕಬೇಡ. ಎಷ್ಟೇ ಬಾಡಿದಂತೆ ಕಂಡರೂ ಹಾಕಬೇಡ. ನೀರು ಕುಡಿದ ಬಳ್ಳಿಯ ಕಾಯಿಗೆ ಆ ರುಚಿ ಬರುವುದಿಲ್ಲ. ನಾನು ಇಲ್ಲಿ ಡಬ್ಬದಲ್ಲಿ ನೀರು ಹಾಕಿಯೇ ಬೆಳೆದದ್ದು, ವಿಧಿಯಿಲ್ಲದೆ. ಹಿತ್ತಿಲಿನ ರುಚಿ ನನಗೂ ಹತ್ತು ವರ್ಷದಿಂದ ಸಿಕ್ಕಿಲ್ಲ.

ಒಂದು ಷರತ್ತಿದೆ. ಈ ಬೀಜವನ್ನು ನನ್ನ ಪಾಲಿನ ನೆಲದಲ್ಲಿ ಮಾತ್ರ ಬಿತ್ತಬೇಕು. ನಿನ್ನ ಪಾಲಿನಲ್ಲಿ ಒಂದು ಬೀಜವೂ ಬೀಳಕೂಡದು. ನನ್ನದು ಎಲ್ಲಿಂದ ಎಲ್ಲಿಯವರೆಗೆ ಅಂತ ನಾನು ಹೇಳುವುದಿಲ್ಲ. ನೀನೇ ತೀರ್ಮಾನಿಸು.

ನಾನು ಜಗಳಕ್ಕೆ ಬರೆಯುತ್ತಿಲ್ಲ. ಜಗಳಕ್ಕೆ ಬೇಕಾದ ತ್ರಾಣ ಯಾವಾಗಲೋ ಹೋಯಿತು. ನನಗೆ ಮೂರನೆಯದೂ ಹೆಣ್ಣಾದಾಗ ಮನೆಯಲ್ಲಿ ಯಾರೂ ಸಿಹಿ ಹಂಚಲಿಲ್ಲ. ನಾನು ಹುಟ್ಟಿದಾಗಲೂ ಹಾಗೇ ಅಂತೆ. ಹೆಣ್ಣು ಇಲ್ಲಿಗೆ ಮುಗಿಯಲಿ ಅಂತ ‘ಕೊನೆ’ ಎಂಬ ಅರ್ಥದ ಹೆಸರನ್ನೇ ಇಟ್ಟರು, ಆಮೇಲೆ ನೀನು ಹುಟ್ಟಿದೆ, ಮೂರು ಕುರಿ ಕಡಿದರು. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಹಿತ್ತಿಲಿನಲ್ಲಿ ನಾಲ್ಕು ಬಳ್ಳಿ ಹಬ್ಬುವಷ್ಟು ಜಾಗ ನನ್ನದು ಅಂತ ಯಾರಾದರೂ ಒಬ್ಬರು ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು, ನಾನು ಅದನ್ನು ಉತ್ತು ಹೊತ್ತುಕೊಂಡು ಹೋಗುತ್ತಿರಲಿಲ್ಲ.

ಅಮ್ಮನ ಕಾಲಿಗೆ ಆಲಿವ್ ಎಣ್ಣೆ ಬಿಸಿಮಾಡಿ ಹಚ್ಚು. ನಾನು ಹೇಳಿದೆ ಅನ್ನಬೇಡ.

ಖಿತಾಮ್

---

ದೇರ್ ಲೌಜ್,
2 ಏಪ್ರಿಲ್ 1987

ಅಕ್ಕ,

ಬಿತ್ತನೆ ಮುಗಿಯಿತು. ಇಪ್ಪತ್ತೆಂಟು ಬೀಜ ಮೊಳೆತಿದ್ದವು. ಎರಡು ದಿನ ಬನಿಯನ್ ಒಳಗೆ ಕಟ್ಟಿಕೊಂಡೇ ಮಸೀದಿಗೂ ಹೋದೆ, ಅಂಗಡಿಗೂ ಹೋದೆ. ತಣ್ಣಗೆ ಹೊಟ್ಟೆಗೆ ತಾಗಿದಾಗಲೆಲ್ಲ ಬೆಚ್ಚುತ್ತಿದ್ದೆ. ಕ್ಷೌರಿಕ, "ಏನ್ ಸಾರ್ಜೆಂಟ್, ಎದೇಲಿ ಏನ್ ಗುಟ್ಟು ಇಟ್ಕೊಂಡಿದ್ದೀರಿ?" ಅಂದ. ನಿಜ ಹೇಳಿದೆ. ಇಡೀ ಅಂಗಡಿ ನಕ್ಕಿತು. ಇರಲಿ.

ಎಲ್ಲಿ ಬಿತ್ತಿದೆ ಅಂತ ಕೇಳುತ್ತೀಯ. ನಿನ್ನ ಷರತ್ತು ಓದಿ ನಾನು ಮೂರು ದಿನ ಹಿತ್ತಿಲಿನಲ್ಲಿ ಸುಮ್ಮನೆ ತಿರುಗಿದೆ. ಗೋಡೆಯ ಮಗ್ಗುಲಿನ ಕಲ್ಲುನೆಲವನ್ನು ನಿನ್ನದು ಅಂದುಬಿಡೋಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಅಲ್ಲಿ ಮುಳ್ಳು ಬಿಟ್ಟರೆ ಏನೂ ಬೆಳೆಯದು. ಕೊನೆಗೆ ಕಾಗದ ತಂದು ಅಮ್ಮನಿಗೆ ಓದಿ ಹೇಳಿದೆ, ಮೊದಲಿಂದ ಕೊನೆಯವರೆಗೆ. ಎಣ್ಣೆ ಹಚ್ಚುವ ಮಾತನ್ನೂ ಓದಿದೆ. ಕೋಳಿಯ ಮಾತನ್ನು ಮಾತ್ರ ಹಾರಿಸಿದೆ.

"ಎಲ್ಲಿದೆ ಅವಳ ಪಾಲು?" ಅಂದಳು ಅಮ್ಮ.

"ಗೊತ್ತಿಲ್ಲ ಯಮ್ಮಾ. ಯಾರೂ ಅಳೆದಿಲ್ವಲ್ಲ."

"ಮೂರ್ ವರ್ಷ ಉತ್ತಿದ್ದೀಯ. ಯಾರ್ದು ಉಳ್ತಿದ್ದೀನಿ ಅಂತ ಗೊತ್ತಾಗ್ಲಿಲ್ವಾ?"

ಎದ್ದು ಕೋಲು ಹಿಡಿದಳು. ಹಿತ್ತಿಲಿಗೆ ಇಳಿದು ವರ್ಷವಾಗಿತ್ತು. ಅರ್ಧ ಗಂಟೆ ಹಿಡಿಯಿತು ತೊಟ್ಟಿಯ ಹತ್ತಿರ ಹೋಗಲು. ಅಲ್ಲಿ ನಿಂತು, ಕೋಲಿನಿಂದ ನೆಲ ಕುಟ್ಟಿ, "ಇಲ್ಲೊಂದು ಕಲ್ಲು ಇಡು" ಅಂದಳು. ಇಟ್ಟೆ. ಅಂಜೂರದ ಬುಡದಲ್ಲಿ ಇನ್ನೊಂದು. ಹೀಗೆ ನಾಲ್ಕು. ಹಿತ್ತಿಲಿನಲ್ಲೇ ಒಳ್ಳೆಯ ಕೆಂಪುಮಣ್ಣು ಅದು. ಸಾಯೆಲ್ ಓಡಿಬಂದ. "ಅಜ್ಜಿ, ಅದೇ ಜಾಗದಲ್ಲಿ ನನ್ ಕೋಣೆ ಬರೋದು!" ಅಂದ. ಅಮ್ಮ, "ಬರ್ಲಿ ಬಿಡು. ಮೊದ್ಲು ನಿಮ್ಮತ್ತೇನ ಕೇಳ್ಕೊಂಡ್ ಬಾ" ಅಂದಳು. ಅವನು ಗುದ್ದಲಿ ಒದ್ದು ಹೋದ.

ಸಂಜೆ ಮಸೂರ ಬೇಳೆ ಆರಿಸುತ್ತ ಕೂತವಳು ತಾನಾಗಿಯೇ ಮಾತೆತ್ತಿದಳು. "ನಮ್ಮಪ್ಪ ಸತ್ತಾಗ ನಾನೂ ಒತ್ತಿದೆ ಕಣೋ ಹೆಬ್ಬೆಟ್ಟು. ನನ್ನ ಪಾಲಿಗೆ ಆಲಿವ್ ಮರ ಬರ್ತಿದ್ವು. ಕೊಡ್ತೀಯಾ ಅಂತ ಒಬ್ರೂ ಕೇಳ್ಲಿಲ್ಲ, ಬೆರಳು ಹಿಡ್ಕೊಂಡ್ ಒತ್ತಿಸಿದ್ರು. ಖಿತಾಮ್ ಆಗಲ್ಲ ಅಂದ್ಲಲ್ಲ, ನನಗೆ ಹೊಟ್ಟೆ ಉರೀತು. ನಾನು ಹೆತ್ತ ಹುಡುಗೀಗಿರೋ ಧೈರ್ಯ ನನಗೆ ಇರ್ಲಿಲ್ವಲ್ಲ ಅಂತ. ಅದಕ್ಕೇ ಚಪ್ಪಲಿ ಆಚೆ ಇಟ್ಟೆ."

ಇದನ್ನು ನಿನಗೆ ಬರೆಯಬಾರದು ಅಂದಳು. ಬರೆದಿದ್ದೇನೆ.

ಎಣ್ಣೆ ಹಚ್ಚುತ್ತಿದ್ದೇನೆ.

ನವ್ವಾಫ್

---

ಝರ್ಕಾ,
1 ಜೂನ್ 1987

ನವ್ವಾಫ್,

ನಿನ್ನ ಏಪ್ರಿಲ್ ಕಾಗದಕ್ಕೆ ಉತ್ತರ ಬರೆಯಲು ಆಗಲಿಲ್ಲ. ಎರಡು ಸಲ ಬರೆದು ಹರಿದೆ. ಅಮ್ಮನ ಮಾತು ಓದಿದ ದಿನ ಮಾಳಿಗೆ ಹತ್ತಿ, ಡಬ್ಬಗಳ ನಡುವೆ ಕೂತು, ಜೋರಾಗಿ ಅತ್ತೆ. ಮಿಥ್‌ಕಾಲ್ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಉಪವಾಸದ ತಿಂಗಳು ಮುಗಿದು ಹಬ್ಬ ಬಂತು. ಈ ಬೀದಿಯಲ್ಲಿ ಮದುವೆಯಾದ ಹೆಣ್ಣುಗಳ ಮನೆಗೆಲ್ಲ ಅಣ್ಣತಮ್ಮಂದಿರು ಬಂದರು. ಹತ್ತು ವರ್ಷ ಹಬ್ಬದ ದಿನ ನಾನು ಬಾಗಿಲು ಹಾಕಿಕೊಂಡು ಒಳಗಿರುತ್ತಿದ್ದೆ, ನೆರೆಯವರು ಕೇಳದಿರಲಿ ಅಂತ. ಈ ಸಲ ಬಾಗಿಲು ತೆರೆದಿಟ್ಟು, ಖರ್ಜೂರದ ಬಿಸ್ಕತ್ತು ತಟ್ಟೆಯಲ್ಲಿಟ್ಟು ಕೂತೆ. ಮೂರೂ ದಿನ. ಟೈರಿನ ಅಂಗಡಿಯ ಕಡೆ ನೋಡಿ ನೋಡಿ ಕತ್ತು ನೋವು ಬಂತು.

ಬಿಸ್ಕತ್ತು ನೆರೆಯವರಿಗೆ ಹಂಚಿದೆ. ಈ ಸಲ ನನ್ನ ಏಳು ಬೀಜದಲ್ಲಿ ಒಂದೂ ಹುಟ್ಟಲಿಲ್ಲ. ಸಾಕಾಯಿತು ನನಗೂ.

ಖಿತಾಮ್

---

ದೇರ್ ಲೌಜ್,
17 ಜೂನ್ 1987

ಅಕ್ಕ,

ಹಬ್ಬಕ್ಕೆ ಹೊರಟು ನಿಂತಿದ್ದೆ. ಅಂಗಿ ಇಸ್ತ್ರಿ ಮಾಡಿಸಿದ್ದೆ, ನಿನಗೆಂದು ಬಟ್ಟೆ ತಂದಿದ್ದೆ. ಅದೇ ಬೆಳಗ್ಗೆ ಸಾಯೆಲ್, "ಅತ್ತೆ ಮುಖ್ಯ ಆದ್ಲು, ಮಗ ಬೇಡವಾದ" ಅಂತ ಎಲ್ಲರೆದುರು ಕೂಗಾಡಿ ಮನೆ ಬಿಟ್ಟು ಹೋದ. ಅವನನ್ನು ಹುಡುಕುವುದರಲ್ಲಿ ಒಂದು ದಿನ ಕಳೆಯಿತು. ಉಳಿದ ಎರಡು ದಿನಕ್ಕೆ ಕಾರಣವಿಲ್ಲ. ನನ್ನದು ಮತ್ತೆ ಟೈರಿನ ಅಂಗಡಿಯೇ. ಅವನು ಈಗ ವಾಪಸು ಬಂದಿದ್ದಾನೆ, ಮುಖ ಊದಿಸಿಕೊಂಡು.

ಕಾಯಿ ಬಂದಿವೆ ಅಕ್ಕ. ಒಂದು ತೊಟ್ಟು ನೀರು ಹಾಕಿಲ್ಲ. ಉದ್ದಕ್ಕೆ, ಬಾಗಿಕೊಂಡು, ಮೈಮೇಲೆ ಬೆಳಗಿನ ಇಬ್ಬನಿ. ನಾನು ಬಳ್ಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಎಷ್ಟೋ ಹೊತ್ತು ನೋಡಿದೆ. ಸೇನೆಯಲ್ಲಿ ಮೂರು ಪದಕ ಬಂದಿವೆ, ಯಾವತ್ತೂ ಹೀಗನ್ನಿಸಿರಲಿಲ್ಲ. ಮೊದಲನೆಯದಕ್ಕೆ ಅಮ್ಮನ ಪೆಟ್ಟಿಗೆಯ ಕೆಂಪು ನೂಲು ಕಟ್ಟಿದೆ. ಎರಡನೆಯದನ್ನು ಕಿತ್ತು, ತೊಳೆಯದೆ, ಉಪ್ಪಿನ ಜೊತೆ ಅಮ್ಮನ ಕೈಗಿಟ್ಟೆ.

ಕಚ್ಚಿದಳು. ಉಗಿಯಲಿಲ್ಲ. ಕಣ್ಣು ಮುಚ್ಚಿ ತುಂಬ ಹೊತ್ತು ಅಗಿದಳು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೂ ಒಂದು ತುಂಡು ಮುರಿದು ಕೊಟ್ಟಳು, ಮೂವತ್ತು ವರ್ಷದಲ್ಲಿ ಮೊದಲ ಸಲ. ಆಮೇಲೆ ನನ್ನ ಕಡೆ ತಿರುಗಿ, "ನಮ್ಮನೇದೇ. ಎಲ್ಲಿ ಕಿತ್ತೆ?" ಅಂದಳು.

"ತೊಟ್ಟಿ ಹತ್ರ ಯಮ್ಮಾ. ಕಲ್ಲಿನೊಳಗೆ. ಖಿತಾಮ್ ಪಾಲಿಂದು."

ಅಮ್ಮ ಅಗಿಯುವುದನ್ನು ನಿಲ್ಲಿಸಿದಳು. ಕೈಯಲ್ಲಿದ್ದ ಅರ್ಧ ಕಾಯಿಯನ್ನು ತಟ್ಟೆಯಲ್ಲಿಟ್ಟಳು.

"ಅವಳನ್ನ ಕೇಳ್ದೆ ಯಾಕೋ ಕಿತ್ತೆ?"

ಅವತ್ತಿನಿಂದ ಮುಟ್ಟಿಲ್ಲ. ನನಗೂ ಮುಟ್ಟಲು ಬಿಟ್ಟಿಲ್ಲ. ಐದು ದಿನವಾಯಿತು. ಬೆಳಗ್ಗೆ ಗಂಟು ಕಟ್ಟುವುದನ್ನು ಬಿಟ್ಟಿದ್ದಾಳೆ, ಅದರ ಬದಲು, "ಉತ್ತರ ಬಂತಾ?" ಅಂತ ಕೇಳುತ್ತಾಳೆ. ಕಾಯಿಗಳು ಬಲಿಯುತ್ತಿವೆ.

ಅದಕ್ಕೇ ಕೇಳುತ್ತಿದ್ದೇನೆ. ನಿನ್ನ ಹಿತ್ತಿಲಿನ ಕಾಯಿ ಕೀಳಬಹುದೇ?

ನವ್ವಾಫ್

---

ಝರ್ಕಾ,
18 ಜೂನ್ 1987

ತಮ್ಮಾ,

ಸುವೈಲಿಮ್‌ನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಬಸ್ಸಿನಲ್ಲಿ ಜನ ಕಾಯುತ್ತಿದ್ದಾರೆ ಅಂತ ಗೊಣಗುತ್ತಿದ್ದಾನೆ. ಕಾಯಲಿ.

ಕೀಳು. ಅಮ್ಮನಿಗೆ ದಿನಾ ಬೆಳಗ್ಗೆ, ಇಬ್ಬನಿ ಆರುವ ಮುಂಚೆ. ನಿನ್ನ ಹೆಂಡತಿಗೂ ಕೊಡು. ಸಾಯೆಲ್‌ಗೂ ಕೊಡು, ತಿಂದು ಸಿಟ್ಟು ಇಳಿದ ಮೇಲೆ ಮನೆಯ ಮೇಲೆ ಕೋಣೆ ಕಟ್ಟಲಿ. ಅಲ್ಲಿ ಗಾಳಿಯೂ ಚೆನ್ನಾಗಿರುತ್ತದೆ. ಅದಕ್ಕೆ ಸಹಿ ಬೇಕಿದ್ದರೆ ಕಾಗದ ಕಳಿಸು, ಓದಿ ಹಾಕುತ್ತೇನೆ.

ಕೆಂಪು ನೂಲು ಕಟ್ಟಿದ್ದನ್ನು ಮಾತ್ರ ಯಾರೂ ಮುಟ್ಟಬೇಡಿ. ಅದು ಹಣ್ಣಾಗಿ ಹಳದಿ ತಿರುಗಲು ಇನ್ನೂ ಆರು ವಾರ ಬೇಕು. ಅದನ್ನು ನಾನೇ ಬಂದು ಕೀಳುತ್ತೇನೆ. ನನ್ನ ಚಪ್ಪಲಿಗೆ ಒಳಗೆ ಜಾಗ ಮಾಡಿರಲು ಅಮ್ಮನಿಗೆ ಹೇಳು.

ನಿನ್ನ ಅಕ್ಕ,
ಖಿತಾಮ್